ವಿಧವೆಯರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ

ಅಕ್ಟೋಬರ್ 4, 1984, ಗುರುವಾರ

ಬ್ರೆಡ್ ಇವತ್ತೂ ಉಬ್ಬಲಿಲ್ಲ. ಯೀಸ್ಟ್ ಹಳತಾಗಿರಬೇಕು. ಮಂಡಿನೋವು ಹಾಗೇ ಇದೆ. ಬೆಳಗಿನಿಂದ ಬಂದರಿನ ಮೇಲೆ ಮಂಜು. ಎದುರುಮನೆಯೇ ಕಾಣುತ್ತಿಲ್ಲ.

ಚಹಾಕ್ಕೆ ನೀರಿಟ್ಟಿದ್ದೆ, ಲಾಯ್ಡ್ ಹಿಮ್ಮೆಲ್‌ಮನ್ ಬಂದ. ಯೋಧರ ಸಂಘದ ಅಧ್ಯಕ್ಷನಾದ ಮೇಲೆ ಅವನ ನಡಿಗೆಯೇ ಬೇರೆ — ಅಡುಗೆಮನೆಗೂ ಕವಾಯತು ಮಾಡಿಕೊಂಡೇ ಬರುತ್ತಾನೆ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವನು. ಇಷ್ಟು ಮರ್ಯಾದೆ ತೋರಿಸಿದನೆಂದರೆ ಏನೋ ಕೇಳಲು ಬಂದಿದ್ದಾನೆಂದೇ ಅರ್ಥ.

ಗಂಡ ಹೊರೇಸ್ ತೀರಿಹೋಗಿ ಇದು ಎರಡನೇ ವರ್ಷ. ನವೆಂಬರ್ ಹನ್ನೊಂದರಂದು, ಯುದ್ಧದಲ್ಲಿ ಸತ್ತವರ ಸ್ಮರಣೆಯ ದಿನ, ಯುದ್ಧ ಸ್ಮಾರಕದ ಮುಂದೆ ವಿಧವೆಯರ ಪರವಾಗಿ ಪುಷ್ಪಚಕ್ರ ಇಡುವ ಗೌರವ ಈ ಸಲ ನನಗಂತೆ. ಗಂಡನ ಮೆಡಲುಗಳನ್ನು ಬಲ ಎದೆಗೆ ಹಾಕಿಕೊಂಡು ಬರಬೇಕಂತೆ.

ಹೊರೇಸ್ ಒಳ್ಳೆಯ ಗಂಡನೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡನೇ ಮಹಾಯುದ್ಧ ಮುಗಿಯುವವರೆಗೂ ಇಲ್ಲೇ ಕೆನಡಾದ ಒಂಟಾರಿಯೊದ ಸೇನಾ ಶಿಬಿರದ ಉಗ್ರಾಣದಲ್ಲಿ ಬೂಟು, ಕಂಬಳಿ ಹಂಚಿದವನು. ಸಮುದ್ರ ದಾಟಲಿಲ್ಲ. ತಪ್ಪು ಅವನದ್ದಲ್ಲ, ಕಳಿಸಲಿಲ್ಲ, ಹೋಗಲಿಲ್ಲ. ಸಮುದ್ರದಲ್ಲಿದ್ದವಳು ನಾನು. ಕಾಲಡಿಯ ಹಡಗಿಗೆ ಟಾರ್ಪೆಡೊ ಬಿದ್ದದ್ದು ನನಗೆ. ಈಗ ಅವನ ಮೆಡಲು ಹಾಕಿಕೊಂಡು, ಅವನ ಹೆಂಡತಿ ಎಂದು ಹೋಗಿ ನಿಲ್ಲಬೇಕು...

ಹೇಳಿಯೇಬಿಟ್ಟೆ. "ಚಕ್ರ ಇಡ್ತೀನಿ ಲಾಯ್ಡ್. ಆದ್ರೆ ಹೊರೇಸ್ ಹೆಂಡ್ತಿ ಅಂತ ಅಲ್ಲ. ಸರಕು ಹಡಗಿನೋರ ಪರವಾಗಿ ಇಡ್ತೀನಿ. ಆಂಬ್ರೋಸೂ ಆ ಹಡಗುಗಳಲ್ಲಿ ಇದ್ದವನೇ, ಅವನೂ ಬರ್ತಾನೆ ನನ್ನ ಜೊತೆ."

ಟೋಪಿಯನ್ನು ಒಂದು ಸುತ್ತು ತಿರುಗಿಸಿದ. ಸಭೆಯಲ್ಲಿ ಕೇಳುತ್ತೇನೆ ಎಂದ. ಅರ್ಧ ಚಹಾ ಬಿಟ್ಟು ಹೋದ.

ಅಕ್ಟೋಬರ್ 8, ಸೋಮವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮಗಳು ಗ್ವೆನ್ ಟರ್ಕಿ ಕೋಳಿಯನ್ನು ತನ್ನ ಮನೆಯಲ್ಲೇ ಬೇಯಿಸಿ ತಂದಿದ್ದಳು. ನನ್ನ ಒಲೆಯ ಮೇಲೆ ಅವಳಿಗೆ ನಂಬಿಕೆಯಿಲ್ಲ. ಊಟ ಮುಗಿಯಿತು. ತಟ್ಟೆ ತೊಳೆಯುವಾಗ ಶುರು.

ಊರಿಗೆಲ್ಲ ಗೊತ್ತಾಗಿದೆಯಂತೆ. ಅಂದು ಸ್ಮಾರಕದ ಮುಂದೆ ಹಾಡುವುದು ಚರ್ಚಿನ ಗಾಯಕರ ತಂಡ. ತಂಡ ನಡೆಸುವವಳು ಇವಳು. ಅಮ್ಮ ಜಗಳ ತೆಗೆದರೆ ತಾನು ಎಲ್ಲರ ಮುಂದೆ ಮುಖ ಎತ್ತುವುದು ಹೇಗೆ?

"ಇಷ್ಟು ವರ್ಷ ಬಾಯೇ ಬಿಡ್ಲಿಲ್ಲ. ಈಗ ಯಾಕಮ್ಮ?" ಎಂದಳು.

ನಿಜ. ಬಿಡಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ನಂಟರ ಮುಂದೆ ಹಡಗಿನ ಮಾತು ತೆಗೆದಿದ್ದೆ. ಹೊರೇಸ್ ಎದ್ದು ಹೊರಗೆ ಹೋದ. ಆಮೇಲೆ ಮೆಲ್ಲಗೆ ಹೇಳಿದ — ಮನೆಯಲ್ಲಿ ಒಬ್ಬ ಸಿಪಾಯಿ ಸಾಕು. ಅವನಿಗೆ ನೋವಾಗಿತ್ತು. ನೋಡಲಾಗದೆ ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಂಡೇ ಅವನ ಮೆಡಲು ಉಜ್ಜಿದೆ, ವರ್ಷ ವರ್ಷವೂ.

ಗ್ವೆನ್‌ಗೆ ಗೊತ್ತಿರುವುದು ಇಷ್ಟೇ: ಅಮ್ಮ ಯುದ್ಧದ ಕಾಲದಲ್ಲಿ "ರೇಡಿಯೊ ಕೆಲಸದಲ್ಲಿ" ಇದ್ದಳು. ಹಾಡು ಹಾಕುವ ರೇಡಿಯೊ ಎಂದುಕೊಂಡಿದ್ದಳೋ ಏನೋ.

ಅಕ್ಟೋಬರ್ 9

ಆಂಬ್ರೋಸನನ್ನು ನೋಡಿ ಬಂದೆ. ಬಲೆ ರಿಪೇರಿ ಮಾಡುವ ಶೆಡ್ಡಿನ ಮೇಲಿನ ಕೋಣೆ. ಏಣಿಯಂಥ ಮೆಟ್ಟಿಲು, ನನ್ನ ಮಂಡಿ, ಅವನ ಎದೆ — ಯಾರು ಯಾರನ್ನು ನೋಡಲು ಬಂದದ್ದೋ ತಿಳಿಯಲಿಲ್ಲ. ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದ ಭುಜ ಈಗ ಅಂಗಿಯೊಳಗೆ ಕಾಣುವುದೇ ಇಲ್ಲ. ಎರಡು ಹಡಗು ಮುಳುಗಿದಾಗಲೂ ಕೆಳಗಿನಿಂದ ಹತ್ತಿ ಬಂದವನು. ಬಾಯ್ಲರಿನ ಬಳಿ ಇದ್ದವರು ಸಾಮಾನ್ಯವಾಗಿ ಬರುವುದಿಲ್ಲ.

ಅವನಿಗೆ ನಾನು ಇವತ್ತಿಗೂ ಸ್ಪಾರ್ಕ್ಸ್. ಹಡಗಿನಲ್ಲಿ ರೇಡಿಯೊ ಆಪರೇಟರ್ ಯಾರೇ ಆಗಲಿ, ಅದೇ ಹೆಸರು. ಬೇರೆ ಬೇರೆ ಹಡಗಿನಲ್ಲಿದ್ದೆವು. ಆದರೆ ದಾಟಿದ್ದು ಒಂದೇ ಸಮುದ್ರ, ಒಂದೇ ಚಳಿಗಾಲ.

ಸ್ಮಾರಕದವರೆಗಿನ ಮೆರವಣಿಗೆಯ ವಿಷಯ ಹೇಳಿದೆ. ನಕ್ಕ, ಕೆಮ್ಮಿದ, ಮತ್ತೆ ನಕ್ಕ.

"ನಡೆಯೋಕಾಗಲ್ಲ ಕಣವ್ವ ಸ್ಪಾರ್ಕ್ಸ್. ತಳ್ಳೋ ಗಾಡೀಲಿ ಹಾಕ್ಕೊಂಡು ಹೋಗು. ಮೀನಿನ ಗಾಡಿ ಆದ್ರೂ ಪರವಾಗಿಲ್ಲ."

ಮೀನಿನ ಗಾಡಿಯೇ ಸರಿ ಎಂದೆ. ಬೀನ್ಸ್ ಬೇಯಿಸಿ ಒಯ್ದಿದ್ದೆ. ಎರಡು ಚಮಚ ತಿಂದ.

ಅಕ್ಟೋಬರ್ 11, ರಾತ್ರಿ ಊಟಕ್ಕೆ ಮುಂಚೆ

ಸಿಟ್ಟು ಇನ್ನೂ ಇಳಿದಿಲ್ಲ.

ಸಂಜೆ ಸಂಘದ ಸಭೆ. ಕರೆದಿರಲಿಲ್ಲ. ಹೆಂಗಸರು ಅಲ್ಲಿಗೆ ಹೋಗುವುದು ಹಿಂದಿನ ಬಾಗಿಲಿಂದ, ಸ್ಯಾಂಡ್‌ವಿಚ್ ತಟ್ಟೆ ಹಿಡಿದು. ಮುಂಬಾಗಿಲಿಂದ ಹೋದೆ. ಕುರ್ಚಿ ಎಳೆದುಕೊಂಡು ಕೂತೆ.

ನಮ್ಮ ವಿಷಯ ಬಂತು. ಲಾಯ್ಡ್ ನಿಯಮ ಓದಿದ. ಸರಕು ಹಡಗಿನವರು ಸೈನ್ಯಕ್ಕೆ ಸೇರಿದವರಲ್ಲ. ಯೂನಿಫಾರ್ಮ್ ಇರಲಿಲ್ಲ. ಸರ್ಕಾರವೇ ಅವರನ್ನು ಯೋಧರೆಂದು ಒಪ್ಪಿಲ್ಲ. ಮೇಲಾಗಿ ನನ್ನ ಹಡಗು ಕೆನಡಾದ್ದೂ ಅಲ್ಲ, ನಾರ್ವೆಯದ್ದು.

ನಮ್ಮ ನೌಕಾಪಡೆ ಹೆಂಗಸನ್ನು ಹಡಗು ಹತ್ತಿಸುತ್ತಿರಲಿಲ್ಲ, ನಾರ್ವೆಯವರು ಹತ್ತಿಸಿದರು, ಅದಕ್ಕೆ ಅಲ್ಲಿಗೆ ಹೋದೆ ಎಂದೆ. ಹಿಂದಿನ ಸಾಲಿನಿಂದ ಯಾರದೋ ಧ್ವನಿ. ನಾರ್ವೆ ಗಂಡಸರ ಜೊತೆ ವಿಹಾರಕ್ಕೆ ಹೋಗಿದ್ದಳು ಬಿಡಿ, ಎಂದು. ನಾಲ್ಕೈದು ಜನ ನಕ್ಕರು.

"ಹೌದು, ವಿಹಾರನೇ," ಅಂದೆ. "ಕೊನೇಲಿ ಲೈಫ್‌ಬೋಟಲ್ಲೂ ಸುತ್ತಾಡಿದ್ದಾಯ್ತು."

ನಗು ನಿಂತಿತು. ಲಾಯ್ಡ್ ನಕ್ಕಿರಲಿಲ್ಲ. ಅದನ್ನು ಬರೆಯಬೇಕು. ಅವನ ತಮ್ಮನ ಹೆಸರು ಆ ಸ್ಮಾರಕದ ಕಲ್ಲಿನ ಮೇಲಿದೆ, ಹಾಲೆಂಡಿನಲ್ಲಿ ಸತ್ತವನು. ಲಾಯ್ಡ್ ಆಗ ಪಕ್ಕದಲ್ಲೇ ಇದ್ದ. ಅವನು ನಿಧಾನವಾಗಿ ಹೇಳಿದ್ದು ಇದು:

"ಕಲ್ಲಿನ ಮೇಲಿರೋ ಹುಡುಗರು ಬೇಕು ಅಂದ್ರೂ ಬಿಟ್ಟು ಬರೋ ಹಾಗಿರ್ಲಿಲ್ಲ ವೆರ್ನಾ. ಬಂದಿದ್ರೆ ಜೈಲು. ನಿಮಗೆ ಹಾಗಲ್ಲ. ಒಂದು ಪ್ರಯಾಣ ಮುಗಿದ ಮೇಲೆ ಸಾಕು ಅನ್ನಬಹುದಿತ್ತು. ಮನೆಗೆ ಬರಬಹುದಿತ್ತು."

"ಬರಬಹುದಿತ್ತು ಲಾಯ್ಡ್. ಬರ್ಲಿಲ್ಲ. ನಾನೂ ಅದನ್ನೇ ಹೇಳ್ತಿರೋದು."

ಕೈ ಎತ್ತಿಸಿದರು. ನಮ್ಮ ಪರ ಒಂದೇ ಒಂದು ಕೈ — ಮೊದಲನೇ ಯುದ್ಧದ ಮುದುಕ, ಕಿವಿ ಕೇಳುವುದಿಲ್ಲ. ಏನಕ್ಕೆ ಎತ್ತಿದನೋ ಅವನಿಗೇ ಗೊತ್ತಿಲ್ಲ.

ಅಕ್ಟೋಬರ್ 12

ಆಂಬ್ರೋಸನಿಗೆ ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದ. ನಗಲಿಲ್ಲ.

ಅಕ್ಟೋಬರ್ 27, ಶನಿವಾರ

ಬರೆಯದೆ ಎರಡು ವಾರ ದಾಟಿತು. ಆಂಬ್ರೋಸನನ್ನು ಆಸ್ಪತ್ರೆಗೆ ಸೇರಿಸಿದ್ದರು, ದಿನವೂ ಅಲ್ಲೇ ಇದ್ದೆ. ಬುಧವಾರ ಮಧ್ಯಾಹ್ನ ಆಂಬ್ರೋಸ್ ಹೋದ. ಕಿಟಕಿ ತೆಗೆ ಎಂದ, ತೆಗೆದೆ. ಗಾಳಿ ಸಾಲದು ಎಂದ. ಸಂಜೆಯಾಗುವ ಮುಂಚೆ ಮುಗಿಯಿತು.

ಅವನಿಗೆ ಯಾರೂ ಇಲ್ಲ. ಹೆಂಡತಿ ಹೋಗಿ ಎಷ್ಟೋ ಕಾಲವಾಯಿತು, ಮಕ್ಕಳಿಲ್ಲ. ಸಂಘಕ್ಕೆ ಫೋನ್ ಮಾಡಿದೆ. ಊರಿನ ಯಾವ ಸಿಪಾಯಿ ಸತ್ತರೂ ಪೆಟ್ಟಿಗೆಯ ಮೇಲೆ ಹೊದಿಸಲು ಧ್ವಜ ಕೊಡುತ್ತಾರೆ. ಒಬ್ಬ ಬಂದು ಕಹಳೆ ಊದುತ್ತಾನೆ. ಹೊರೇಸನಿಗೂ ಊದಿದ್ದರು. ಕಾರ್ಯದರ್ಶಿ ತುಂಬ ಸಭ್ಯವಾಗಿ ಮಾತಾಡಿದ. ಧ್ವಜ ಯೋಧರಿಗೆ ಮಾತ್ರ, ಕ್ಷಮಿಸಿ ಎಂದ.

ಇವತ್ತು ಮಣ್ಣು ಮಾಡಿದೆವು. ಪಾದ್ರಿ, ಶೆಡ್ಡಿನ ಇಬ್ಬರು ಬಲೆಗಾರರು, ನಾನು. ಪೆಟ್ಟಿಗೆಯ ಮೇಲೆ ನನ್ನ ಸ್ವೆಟರ್ ಹೊದಿಸಿದೆ. ನಾರ್ವೆಯ ನೀಲಿ ಉಣ್ಣೆಯದು, ಹಡಗಿನ ಅಡುಗೆಯವನ ಹೆಂಡತಿ ಹೆಣೆದು ಕಳಿಸಿದ್ದು. ಧ್ವಜದಷ್ಟು ಅಗಲ ಇರಲಿಲ್ಲ. ಎದೆಯ ಭಾಗಕ್ಕೆ ಸಾಕಾಯಿತು. ಅವನಿಗೆ ಬೆಚ್ಚಗೆ ಬೇಕಾಗಿದ್ದದ್ದೂ ಅಲ್ಲೇ.

ಪಾದ್ರಿ ತೆಗೆದುಕೊಳ್ಳಿ ಎಂದ. ಬೇಡ, ಜೊತೆಗೇ ಹೋಗಲಿ ಎಂದೆ.

ಹಿಂದೆ ತಿರುಗಿದರೆ ಗೇಟಿನ ಹತ್ತಿರ ಗ್ವೆನ್ ನಿಂತಿದ್ದಳು. ಯಾವಾಗ ಬಂದಳೋ. ಕಾರಿನಲ್ಲಿ ಮನೆಗೆ ಬಿಟ್ಟಳು.

ನವೆಂಬರ್ 1, ಗುರುವಾರ

ಗ್ವೆನ್ ಮಧ್ಯಾಹ್ನ ಒಬ್ಬಳೇ ಬಂದಳು. ಕೋಟು ಬಿಚ್ಚದೆ ಕೂತಳು.

"ಏನಾಯ್ತು ಅಂತ ಹೇಳಮ್ಮ. ಪೂರ್ತಿ ಹೇಳು."

ಮೊದಲ ಸಲ ಪೂರ್ತಿ ಹೇಳಿದೆ. ಹೇಳಿದ್ದನ್ನು ಇಲ್ಲೂ ಬರೆದಿಡುತ್ತೇನೆ. ಇನ್ನೊಮ್ಮೆ ಹೇಳಲು ಬಾಯಿ ಬರುತ್ತದೋ ಇಲ್ಲವೋ.

ಟೊರಾಂಟೊದಲ್ಲಿ ಹಗಲು ಟೈಪಿಸ್ಟ್ ಕೆಲಸ, ಸಂಜೆ ಮೋರ್ಸ್ ಕಲಿಯುವ ಶಾಲೆ. ಪಾಸಾದೆ. ನೌಕಾಪಡೆಯವರು ಬೆನ್ನು ತಟ್ಟಿ, ದಡದ ಆಫೀಸಿನಲ್ಲಿ ಕೂರು ಎಂದರು. ನಾರ್ವೆಯ ಸರಕು ಹಡಗುಗಳಿಗೆ ಆಪರೇಟರ್ ಬೇಕಿದ್ದರು. ಅವರ ದೇಶ ಆಗಲೇ ಜರ್ಮನರ ಕೈಯಲ್ಲಿತ್ತು. ಹಡಗುಗಳಷ್ಟೇ ಉಳಿದಿದ್ದವು. ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ 'ಟೋರ್‌ವಿಕ್' ಹತ್ತಿದೆ. ಕ್ಯಾಪ್ಟನ್ ಹೌಗೆ ನನ್ನನ್ನು ನೋಡಿ ನನ್ನ ಹಿಂದೆ ನೋಡಿದ, ಆಪರೇಟರ್ ಎಲ್ಲಿ ಎಂದು. ನಾನೇ ಎಂದೆ. ಹೆಂಗಸರಿಗೆ ಬೇರೆ ಕಕ್ಕಸು ಇಲ್ಲ ಎಂದ. ಇರುವುದಕ್ಕೆ ಚಿಲಕ ಇದೆ ತಾನೆ ಎಂದೆ. ಅಷ್ಟೇ ಇಂಟರ್‌ವ್ಯೂ.

ಹೋಗುವಾಗ ಗೋಧಿ, ಮರ, ಕೆಲವು ಸಲ ಮದ್ದುಗುಂಡು. ಮದ್ದುಗುಂಡು ತುಂಬಿದ್ದಾಗ ಯಾರೂ ಲೈಫ್‌ಜಾಕೆಟ್ ಹಾಕುತ್ತಿರಲಿಲ್ಲ. ಹಾಕಿ ಪ್ರಯೋಜನವಿರಲಿಲ್ಲ.

ನಲವತ್ತಮೂರರ ಫೆಬ್ರವರಿ. ಬಿರುಗಾಳಿಯಲ್ಲಿ ಹಡಗುಗಳ ಸಾಲಿನಿಂದ ಹಿಂದೆ ಬಿದ್ದೆವು. ಬೆಳಿಗ್ಗೆ ಸಮುದ್ರ ಶಾಂತವಾಗಿತ್ತು. ಸುತ್ತ ಒಂದು ಹಡಗೂ ಇರಲಿಲ್ಲ. ತಿಂಡಿ ಹೊತ್ತಿಗೆ ಟಾರ್ಪೆಡೊ ಬಡಿಯಿತು, ಎಂಜಿನ್ ಕೋಣೆಗೇ. ಶಬ್ದಕ್ಕಿಂತ ಮೊದಲು ಕಾಲಿಗೆ ಗೊತ್ತಾಯಿತು. ದೀಪ ಹೋಯಿತು. ಬ್ಯಾಟರಿ ಸೆಟ್ಟಿಗೆ ಬದಲಾಯಿಸಿ ಕಳಿಸತೊಡಗಿದೆ — ನಾಲ್ಕು ಎಸ್, ಹಡಗಿನ ಹೆಸರು, ಜಾಗ. ಸಬ್‌ಮೆರೀನ್ ಹೊಡೆದಿದೆ ಎನ್ನುವುದಕ್ಕೆ ಆ ನಾಲ್ಕು ಎಸ್. ಮತ್ತೆ ಮತ್ತೆ ಅದನ್ನೇ. ಉತ್ತರವಿಲ್ಲ. ನೆಲ ವಾಲುತ್ತಿತ್ತು, ಕುರ್ಚಿ ಗೋಡೆಗೆ ಜಾರಿತು. ಮಂಡಿಯೂರಿ ಕಳಿಸಿದೆ. ಹೌಗೆ ಬಾಗಿಲಲ್ಲಿ ನಿಂತು ಬಿಟ್ಟು ಬಾ ಎಂದ, ಅದು ಆಜ್ಞೆ ಎಂದ. ಕೇಳಲಿಲ್ಲ. ದಡದಿಂದ ಒಂದೇ ಅಕ್ಷರ ಬಂತು: ಸಿಕ್ಕಿತು, ಎಂದು. ಆಗ ಎದ್ದೆ.

ಹೌಗೆ ನನ್ನನ್ನು ಲೈಫ್‌ಬೋಟಿಗೆ ಎಸೆದ ಹಾಗೆ ಇಳಿಸಿದ. ಅವನು ಇಳಿಯಲಿಲ್ಲ. ಕೆಳಗಿನವರು ಯಾರಾದರೂ ಬಂದಾರೆಂದು ಕಾಯುತ್ತ ನಿಂತ. ಯಾರೂ ಬರಲಿಲ್ಲ. ಅವನೂ...

ನನ್ನ ತೊಡೆಯ ಮೇಲೆ ಬಡಗಿ ಓಡ್‌ವಾರ್‌ನ ತಲೆ. ಹಬೆಗೆ ಬೆಂದಿದ್ದ. ಮುಖ ಮುಟ್ಟುವ ಹಾಗಿರಲಿಲ್ಲ. ಅವನು ಕೇಳಿದ್ದು ಒಂದೇ. ಸುದ್ದಿ ಹೋಯಿತೆ? ಹೋಯಿತು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಹೋಯಿತು, ಉತ್ತರವೂ ಬಂತು ಎಂದೆ. ಮರುದಿನ ಕೇಳಲಿಲ್ಲ. ಉಳಿದವರು ಅವನನ್ನು ನೀರಿಗೆ ಬಿಟ್ಟರು. ಅದಾದ ಮೇಲೆ ನೌಕಾಪಡೆಯ ಹಡಗೊಂದು ನೇರ ನಮ್ಮ ಕಡೆಗೇ ಬಂತು. ಆ ಸುದ್ದಿ ಹಿಡಿದೇ ಬಂದದ್ದು.

ಹ್ಯಾಲಿಫ್ಯಾಕ್ಸಿನ ಶೆಡ್ಡಿನಲ್ಲಿ ಕಂಬಳಿ ಕೊಡುತ್ತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇವರಲ್ಲಿ ನೀನು ಯಾರ ಹೆಂಡತಿ ಎಂದು ಕೇಳಿದಳು.

ಯಾರ ಹೆಂಡತಿಯೂ ಅಲ್ಲ ಎಂದೆ. ಕಾಲಿನ ಹುಣ್ಣು ಮಾಯುತ್ತಲೇ ಬೇರೆ ಹಡಗು ಹತ್ತಿದೆ.

ಗ್ವೆನ್ ಮೇಜು ನೋಡುತ್ತ ಕೂತಿದ್ದಳು. "ನೀರು ಎಷ್ಟು ತಣ್ಣಗಿತ್ತಮ್ಮ?" ಎಂದಳು.

ಹೇಗೆ ಹೇಳುವುದು. ಕೈ ಅದ್ದಿದರೆ ಸುಟ್ಟ ಹಾಗೆ ಎಂದೆ.

ಹೋಗುವಾಗ ನನ್ನನ್ನು ಅಪ್ಪಿಕೊಂಡಳು. ಆದರೂ ಹೊಸ್ತಿಲಲ್ಲಿ ನಿಂತು, "ಹನ್ನೊಂದಕ್ಕೆ ಮಾತ್ರ ಬೇಡಮ್ಮ. ಸರ್ಕಾರಕ್ಕೆ ಬರೆಯೋಣ. ನಾನೇ ಬರೀತೀನಿ," ಎಂದಳು.

ಸರ್ಕಾರ ಉತ್ತರ ಕೊಡುವ ಹೊತ್ತಿಗೆ ಆಂಬ್ರೋಸನ ಪಕ್ಕದಲ್ಲಿರುತ್ತೇನೆ.

ನವೆಂಬರ್ 10

ಹಿತ್ತಿಲ ಸ್ಪ್ರೂಸ್ ಮರದ ಕೊಂಬೆ ಕಡಿದೆ. ಬಗ್ಗಿಸಿ, ಹುರಿಯಿಂದ ಕಟ್ಟಿ ಚಕ್ರ ಮಾಡಿದೆ. ಓರೆಯಾಗಿದೆ. ಕೈಗೆಲ್ಲ ಅಂಟು. ಸ್ಮರಣೆಯ ದಿನಕ್ಕೆ ಎಲ್ಲರೂ ಹಾಕುವ, ಅಂಗಡಿಯ ಕೆಂಪು ಬಟ್ಟೆಯ ಗಸಗಸೆ ಹೂ ಹಾಕಲಿಲ್ಲ. ಅವು ಯುದ್ಧ ನಡೆದ ಹೊಲದಲ್ಲಿ ಸತ್ತವರಿಗೆ. ನಮ್ಮವರಿಗೆ ಹೊಲವೂ ಇಲ್ಲ, ಗುಂಡಿಯೂ ಇಲ್ಲ.

ಹೊರೇಸನ ಮೆಡಲುಗಳನ್ನು ಉಜ್ಜಿ ಡಬ್ಬಿಯಲ್ಲೇ ಇಟ್ಟೆ. ಅವು ಅವನವು.

ನವೆಂಬರ್ 11, ಭಾನುವಾರ, ಸಂಜೆ

ಮೊದಲು ಪೋಲೀಸಿನವನು. ಅಂಚೆ ಕಚೇರಿಯ ಮೂಲೆಯಲ್ಲಿ, ಮೆರವಣಿಗೆಯ ಕೊನೆಗೆ ಸೇರಿಕೊಳ್ಳಲು ಹೋದಾಗ ತಡೆದ. ಅಜ್ಜಿ, ವಿಧವೆಯರ ಸಾಲು ಆ ಕಡೆ ಎಂದ. ವಿಧವೆಯರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲಪ್ಪ ಎಂದೆ. ಹಾಗಾದರೆ ಪಾದಚಾರಿ ಕಟ್ಟೆಯ ಮೇಲೆ ನಿಲ್ಲಿ ಎಂದ. ಕಟ್ಟೆಯ ಮೇಲೇ ನಡೆದೆ, ಅವರ ಹೆಜ್ಜೆಗೆ ಸಮವಾಗಿ. ಅದಕ್ಕೆ ನಿಯಮವಿಲ್ಲವಲ್ಲ. ಮಂಡಿ ಉರಿಯಿತು. ಉರಿಯಲಿ.

ಸ್ಮಾರಕದ ಸುತ್ತ ಊರಿಗೆ ಊರೇ. ತುಂತುರು ಮಳೆ. ಗ್ವೆನ್ ತನ್ನ ತಂಡದ ಮುಂದೆ ಕಪ್ಪು ಕೋಟು ಹಾಕಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಚಕ್ರ ನೋಡಿದಳು, ತಲೆ ತಗ್ಗಿಸಿದಳು.

ಹನ್ನೊಂದು ಹೊಡೆಯಿತು. ಮೌನ. ಕಹಳೆ. ಲಾಯ್ಡ್ ಚಕ್ರ ಇಟ್ಟ, ಸೈನ್ಯದವರು ಇಟ್ಟರು, ನೌಕಾಪಡೆ, ವಾಯುಪಡೆ. ವಿಧವೆಯರ ಪರವಾಗಿ ಬೇಕರಿಯವನ ಹೆಂಡತಿ ಇಟ್ಟಳು. ಮುಗಿಯಿತು ಎನ್ನುವ ಹಾಗೆ ಲಾಯ್ಡ್ ತಲೆ ಎತ್ತಿದ. ಆಗ ಜನರ ಮುಂದೆ ಕಟ್ಟಿದ್ದ ಹಗ್ಗದ ಕೆಳಗೆ ಬಗ್ಗಿ ಹೊರಬಂದೆ.

ಆ ಬಯಲು ಅಷ್ಟು ಅಗಲವಿದೆ ಎಂದು ಗೊತ್ತೇ ಇರಲಿಲ್ಲ.

ಲಾಯ್ಡ್ ಎರಡು ಹೆಜ್ಜೆ ಮುಂದೆ ಬಂದು ಅಡ್ಡ ನಿಂತ. ಯಾರಿಗೂ ಕೇಳದ ಹಾಗೆ, "ಬೇಡ ವೆರ್ನಾ. ದಯವಿಟ್ಟು," ಎಂದ.

"ತಡೀಬೇಕು ಅಂದ್ರೆ ಕೈ ಹಿಡಿದು ತಡಿ ಲಾಯ್ಡ್. ನಾನಾಗಿ ನಿಲ್ಲಲ್ಲ."

ಮಳೆ ಅವನ ಟೋಪಿಯ ಅಂಚಿನಿಂದ ಇಳಿಯುತ್ತಿತ್ತು. ಕೈ ಎತ್ತಲಿಲ್ಲ. ಪಕ್ಕಕ್ಕೂ ಸರಿಯಲಿಲ್ಲ. ಅವನನ್ನು ಸುತ್ತಿಕೊಂಡು ಹೋದೆ. ಚಕ್ರವನ್ನು ಕಲ್ಲಿಗೆ ಒರಗಿಸಿದೆ. ಬಗ್ಗಿದ್ದವಳಿಗೆ ಏಳಲು ಆಗಲಿಲ್ಲ. ಕಲ್ಲನ್ನೇ ಹಿಡಿದು ಎದ್ದೆ, ಲಾಯ್ಡನ ತಮ್ಮನ ಹೆಸರಿನ ಮೇಲೆ ಕೈಯೂರಿ. ಆಮೇಲೆ ಜೋರಾಗಿ ಹೇಳಿದೆ: ಹೌಗೆ. ಓಡ್‌ವಾರ್. ಎಂಜಿನ್ ಕೋಣೆಯವರ ಹೆಸರು ಒಂದೊಂದಾಗಿ. ಕೊನೆಗೆ ಆಂಬ್ರೋಸ್ ಕೊಮೊ, ಈ ಊರಿನವನು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಬೈಯಲೂ ಇಲ್ಲ. ತಂಡದವರು ಹಾಡು ಶುರು ಮಾಡಿದರು, ಒಂದು ಕ್ಷಣ ತಡವಾಗಿ. ಕೈ ಎತ್ತಿ ಶುರು ಮಾಡಿಸಬೇಕಾದವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಿಟ್ಟಿಗೋ ಬೇರೆ ಯಾವುದಕ್ಕೋ ತಿಳಿಯಲಿಲ್ಲ.

ನವೆಂಬರ್ 12

ಬೆಳಿಗ್ಗೆ ಲಾಯ್ಡ್ ಬಂದ. ನನ್ನ ಚಕ್ರ ಅವನ ಕೈಯಲ್ಲಿ. ನೀರು ಒರೆಸಿ ಪತ್ರಿಕೆಯಲ್ಲಿ ಸುತ್ತಿದ್ದ. ಸಮಿತಿಯ ತೀರ್ಮಾನವಂತೆ, ಒಪ್ಪಿಗೆಯಿಲ್ಲದ್ದು ಅಲ್ಲಿರುವ ಹಾಗಿಲ್ಲ. ಬೇರೆಯವರಾದರೆ ಕಸಕ್ಕೆ ಎಸೆಯುತ್ತಿದ್ದರು, ಅದಕ್ಕೆ ತಾನೇ ತಂದೆ ಎಂದ. ಕುಳಿತುಕೊಳ್ಳಲಿಲ್ಲ. ಹೊರಡುವ ಮುಂಚೆ ಕೇಳಿದ — ಆ ಓಡ್‌ವಾರ್ ಯಾರು, ಎಂದು. ಹೇಳಿದೆ. ಬಾಗಿಲ ಹಿಡಿ ಹಿಡಿದುಕೊಂಡೇ ಪೂರ್ತಿ ಕೇಳಿಸಿಕೊಂಡ.

ಅವನ ಕಾರು ತಿರುವು ದಾಟುವವರೆಗೆ ಕಾದೆ. ಕೋಟು ಹಾಕಿಕೊಂಡೆ. ಚಕ್ರ ಮತ್ತೆ ಸ್ಮಾರಕದಲ್ಲಿ.

ನವೆಂಬರ್ 14

ತೆಗೆದಿದ್ದರು. ಈ ಸಲ ಲಾಯ್ಡ್ ಅಲ್ಲ, ಯಾರೋ ತಂದು ನನ್ನ ಮನೆಯ ಗೇಟಿನ ಹೊರಗೆ ಎಸೆದಿದ್ದರು. ಕೊಂಬೆ ಮುರಿದಿತ್ತು. ಹೊಸದು ಕಟ್ಟಿ ಇಟ್ಟು ಬಂದೆ. ಹಿತ್ತಿಲಲ್ಲಿ ಸ್ಪ್ರೂಸ್‌ಗೇನು ಬರ.

ನವೆಂಬರ್ 15

ಮತ್ತೆ ಇಲ್ಲ. ಆದರೆ ಅದು ಇದ್ದ ಜಾಗದಲ್ಲಿ, ಕಲ್ಲಿನ ಬುಡದಲ್ಲಿ, ಮುಷ್ಟಿಗಾತ್ರದ ಕಲ್ಲಿದ್ದಲಿನ ತುಂಡು. ಯಾರು ಇಟ್ಟರೋ. ಬಲೆಗಾರರನ್ನು ಕೇಳಿದೆ, ತಾವಲ್ಲ ಎಂದರು. ಅದನ್ನು ಮುಟ್ಟದೆ, ಪಕ್ಕದಲ್ಲಿ ಹೊಸ ಚಕ್ರ ಇಟ್ಟೆ.

ನವೆಂಬರ್ 17, ಶನಿವಾರ, ಬೆಳಿಗ್ಗೆ

ಗ್ವೆನ್ ಫೋನ್ ಮಾಡಿದ್ದಳು. ಹಾಲು ತರಲು ಹೋದಾಗ ನೋಡಿದಳಂತೆ, ಚಕ್ರ ಇಲ್ಲ. ಕಲ್ಲಿದ್ದಲು ಮಾತ್ರ ಹಾಗೇ ಇದೆಯಂತೆ, ಅದನ್ನು ಕಸ ಎಂದುಕೊಂಡರೋ ಏನೋ. ಸರಿ ಎಂದು ಫೋನಿಟ್ಟೆ. ಇವತ್ತು ಮಂಡಿ ಬಹಳ ಹಟ ಮಾಡುತ್ತಿದೆ. ಹಿಮ ಬೇರೆ ಶುರುವಾಗಿದೆ. ನಾಳೆ ಹೋದರಾಯಿತು ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಗಳಿಗೆ ಅಷ್ಟೇ.

ಇದಿಷ್ಟು ಬರೆಯುವಷ್ಟರಲ್ಲಿ ಹೊರಗೆ ಕಾರು ನಿಂತಿತು. ಗ್ವೆನ್. ಒಳಗೆ ಬರಲಿಲ್ಲ, ಹಿತ್ತಿಲಿಗೆ ಹೋದಳು. ಗರಗಸದ ಸದ್ದು. ಈಗ ಬಾಗಿಲಲ್ಲಿ ನಿಂತಿದ್ದಾಳೆ, ಕೂದಲಲ್ಲಿ ಹಿಮ, ಕಂಕುಳಲ್ಲಿ ಕೊಂಬೆಗಳು, ಕೈಯಲ್ಲಿ ಕಬ್ಬಿಣದ ತಂತಿ ಸುರುಳಿ, ಗಂಡನ ಇಕ್ಕಳ.

"ಹುರಿ ಸಾಲಲ್ಲಮ್ಮ. ಈ ಸಲ ಕಲ್ಲಿಗೇ ಬಿಗಿದು ಬರೋಣ. ಅದೇನು ಬರೀತಿದ್ದೀಯ, ಏಳು," ಎನ್ನುತ್ತಿದ್ದಾಳೆ, ಬೂಟು ಎಲ್ಲಿಟ್ಟೆನೋ, ಒಂದು ಒಲೆಯ ಹತ್ತಿರ ಇದೆ, ಇನ್ನೊಂದು —